ಪೆನ್ ಡ್ರೈವ್‌ಗೆ ನಕಲು ಮುಗಿಯಿತೆಂದು ತೋರಿಸಿದ ಮೇಲೂ ಒಂಬತ್ತು ಹಾಡುಗಳು ಸಿಗುತ್ತಿಲ್ಲ: ಫೈಲ್ ಸಿಸ್ಟಂ ಕಾಪಾಡುವುದು ಏನನ್ನು?

ರಾಗಿಕಲ್ಲು (ಮಳವಳ್ಳಿ ತಾಲ್ಲೂಕು), ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಮ್ಮ ಅತ್ತೆಯವರಿಗೂ ಅವರ ಓರಗೆಯ ಇಬ್ಬರು ಹೆಂಗಸರಿಗೂ ಬಾಯಿಗೆ ಬರುವ ಸೋಬಾನೆ ಪದ, ಬೀಸುವ ಪದ, ನಾಟಿ ಪದಗಳನ್ನು ಕಳೆದ ಬೇಸಿಗೆ ರಜೆಯಲ್ಲಿ ಹಜಾರದಲ್ಲಿ ಕೂರಿಸಿ ಒಂದೊಂದಾಗಿ ಧ್ವನಿಮುದ್ರಿಸಿಕೊಂಡೆ. ಒಟ್ಟು 41 ಹಾಡುಗಳಾದವು. ರೆಕಾರ್ಡರ್ ನಾನು ಪಾಠ ಮಾಡುವ ಶಾಲೆಯದು. ಅದು 16 ಜಿಬಿಯ ಎಸ್‌ಡಿ ಕಾರ್ಡಿನ ಮೇಲೆ ವೇವ್ ಫೈಲುಗಳಾಗಿ ಬರೆದಿಡುತ್ತದೆ. ಒಂದೊಂದು ಹಾಡು ಸುಮಾರು ನಾಲ್ಕು ನಿಮಿಷ, 40 ಎಂಬಿಗಿಂತ ತುಸು ಹೆಚ್ಚು.

ಮನೆಯ ಲ್ಯಾಪ್‌ಟಾಪಿನಲ್ಲಿ ಕಾರ್ಡ್ ಹಾಕುವ ಜಾಗ ಕೆಟ್ಟಿದ್ದರಿಂದ ಮಂಡ್ಯದ ಒಂದು ಜೆರಾಕ್ಸ್ ಅಂಗಡಿಗೆ ಹೋಗಿ, ಅಲ್ಲಿನ ಹಳೆಯ ವಿಂಡೋಸ್ 7 ಗಣಕದಲ್ಲಿ ಕಾರ್ಡಿನಿಂದ ನನ್ನ 32 ಜಿಬಿ ಪೆನ್ ಡ್ರೈವ್‌ಗೆ ಎಲ್ಲ ಹಾಡುಗಳನ್ನು ನಕಲು ಮಾಡಿಸಿದೆ. ಪರದೆಯ ಮೇಲಿನ ಹಸಿರು ಪಟ್ಟಿ ಪೂರ್ತಿ ತುಂಬಿ ಮಾಯವಾದದ್ದನ್ನು ನಾನೇ ನೋಡಿದ್ದೇನೆ. ಮಳವಳ್ಳಿ ಬಸ್ಸು ಹೊರಡುವ ಹೊತ್ತಾಗಿತ್ತು. ಪೆನ್ ಡ್ರೈವ್ ಕಿತ್ತುಕೊಂಡು ಬಂದೆ. ಎಲ್ಲವೂ ನಕಲಾಗಿದೆ ಎಂಬ ನಂಬಿಕೆಯಿಂದ ಮರುದಿನ ಕಾರ್ಡನ್ನು ರೆಕಾರ್ಡರಿನಲ್ಲೇ ಫಾರ್ಮ್ಯಾಟ್ ಮಾಡಿ ಶಾಲೆಗೆ ಒಪ್ಪಿಸಿದೆ. ಆಮೇಲೆ ಅದರಲ್ಲಿ ಶಾಲೆಯ ಸಮಾರಂಭವೊಂದನ್ನು ಸುಮಾರು ಒಂದು ಗಂಟೆ ಇಪ್ಪತ್ತು ನಿಮಿಷ ಮುದ್ರಿಸಿದ್ದಾರೆ.

ಮನೆಯಲ್ಲಿ ಪೆನ್ ಡ್ರೈವ್ ಹಾಕಿದಾಗ ವಿಂಡೋಸ್ 10 "ಈ ಡ್ರೈವ್‌ನಲ್ಲಿ ತೊಂದರೆ ಇದೆ, ಪರಿಶೀಲಿಸಿ ಸರಿಪಡಿಸಿ" ಎಂದು ಕೇಳಿತು. ಒತ್ತಿದೆ. ಈಗ ಮೊದಲ 32 ಹಾಡುಗಳು ಚೆನ್ನಾಗಿವೆ. 33ರಿಂದ 37ರವರೆಗಿನ ಐದಕ್ಕೆ ಹೆಸರಿದೆ, ಗಾತ್ರ ಸೊನ್ನೆ. 38ರಿಂದ 41ರವರೆಗಿನವುಗಳಿಗೆ ಹೆಸರೂ ಇಲ್ಲ. ಆ ಮೂವರಲ್ಲಿ ಒಬ್ಬರಿಗೆ ಈಗ ಉಸಿರು ನಿಲ್ಲುವುದಿಲ್ಲ, ಮತ್ತೆ ಹಾಡಿಸುವಂತಿಲ್ಲ. ಹಾಡುಗಳನ್ನು ಮರಳಿ ಪಡೆಯುವ ದಾರಿಯಿದ್ದರೆ ದಯವಿಟ್ಟು ತಿಳಿಸಿ. ಅದರ ಜೊತೆಗೆ, ಮುಗಿಯಿತೆಂದು ತೋರಿಸಿದ ನಕಲು ಮುಗಿದಿರಲಿಲ್ಲವೇಕೆ, ಇದನ್ನು ತಡೆಯಬೇಕಾದದ್ದು ಯಾವ ಫೈಲ್ ಎಲ್ಲಿದೆ ಎಂದು ಲೆಕ್ಕವಿಡುವ ಫೈಲ್ ಸಿಸ್ಟಂ ಅಲ್ಲವೇ ಎಂಬುದೂ ನನಗೆ ಅರ್ಥವಾಗಬೇಕಾಗಿದೆ.

ಕುಕ್ಕರಹಳ್ಳಿ (ಮೈಸೂರು)

ಮೇಡಂ, ಮೊದಲು ಒಂದು ಕೋರಿಕೆ. ಆ ಪೆನ್ ಡ್ರೈವ್‌ಗಾಗಲಿ ಆ ಎಸ್‌ಡಿ ಕಾರ್ಡಿಗಾಗಲಿ ಇನ್ನು ಮುಂದೆ ಏನನ್ನೂ ಬರೆಯಬೇಡಿ. ಕಾರ್ಡನ್ನು ಶಾಲೆಯಿಂದ ಇಂದೇ ಕೇಳಿ ಪಡೆದು, ಅದರ ಪಕ್ಕದಲ್ಲಿರುವ ಪುಟ್ಟ ಜಾರುಗುಂಡಿಯನ್ನು ಲಾಕ್ ಕಡೆಗೆ ಸರಿಸಿ ಇಟ್ಟುಕೊಳ್ಳಿ. ಅಳಿಸಿಹೋದದ್ದು ಬಹಳ ಸಲ ಅಲ್ಲೇ ಇರುತ್ತದೆ. ಅದು ನಿಜವಾಗಿ ಹೋಗುವುದು ಅದರ ಮೇಲೆ ಇನ್ನೊಂದನ್ನು ಬರೆದಾಗ.

ಈಗ ನಡೆದದ್ದೇನು ಎಂಬುದು. ನಿಮ್ಮ 32 ಜಿಬಿ ಪೆನ್ ಡ್ರೈವ್ ಫ್ಯಾಟ್32 ಫೈಲ್ ಸಿಸ್ಟಂನಲ್ಲಿರುವ ಸಾಧ್ಯತೆಯೇ ಹೆಚ್ಚು. ಫ್ಯಾಟ್ ಹುಟ್ಟಿದ್ದು 1977ರ ಸುಮಾರಿಗೆ, ಫ್ಲಾಪಿಗಳ ಕಾಲದಲ್ಲಿ. ಅದರ 32 ಬಿಟ್ ರೂಪ 1996ರಲ್ಲಿ ವಿಂಡೋಸ್ 95ರ ಪರಿಷ್ಕೃತ ಆವೃತ್ತಿಯೊಂದಿಗೆ ಬಂತು. ಅದರಲ್ಲಿ ಒಂದು ಹಾಡು ಮೂರು ಬೇರೆ ಬೇರೆ ಜಾಗಗಳಲ್ಲಿ ಬರಹಕ್ಕೆ ಇಳಿಯುತ್ತದೆ. ಹಾಡಿನ ದನಿ ಕ್ಲಸ್ಟರ್ ಎಂಬ ತುಂಡುಗಳಲ್ಲಿ ಕೂರುತ್ತದೆ; ಈ ಗಾತ್ರದ ಡ್ರೈವ್‌ಗೆ ವಿಂಡೋಸ್ ಸಾಮಾನ್ಯವಾಗಿ 16 ಕೆಬಿಯ ಕ್ಲಸ್ಟರ್ ಇಡುವುದರಿಂದ ನಾಲ್ಕು ನಿಮಿಷದ ಒಂದು ಹಾಡಿಗೆ ಸುಮಾರು 2,580 ಕ್ಲಸ್ಟರುಗಳು ಬೇಕು. ಒಂದು ಕ್ಲಸ್ಟರಿನ ನಂತರ ಯಾವುದು ಎಂಬ ಸರಪಳಿ ಡ್ರೈವ್‌ನ ಆರಂಭದಲ್ಲಿರುವ ಕೋಷ್ಟಕದಲ್ಲಿರುತ್ತದೆ, ಅದರದೇ ಎರಡು ಪ್ರತಿಗಳೂ ಇರುತ್ತವೆ. ಹಾಡಿನ ಹೆಸರು, ಮೊದಲ ಕ್ಲಸ್ಟರಿನ ಸಂಖ್ಯೆ, ಒಟ್ಟು ಗಾತ್ರ ಇವು ಫೋಲ್ಡರಿನ ಪಟ್ಟಿಯಲ್ಲಿರುತ್ತವೆ. ಈ ಮೂರೂ ಒಟ್ಟಿಗೆ ಒಂದೇ ಏಟಿಗೆ ಬರೆಯಲ್ಪಡಬೇಕೆಂಬ ನಿಯಮ ಫ್ಯಾಟ್‌ನಲ್ಲಿ ಇಲ್ಲ.

ಇದರ ಮೇಲೆ ಇನ್ನೊಂದು ಸಂಗತಿ ಇದೆ. ನಕಲು ಮಾಡುವಾಗ ಗಣಕವು ನೇರವಾಗಿ ಪೆನ್ ಡ್ರೈವ್‌ಗೆ ಬರೆಯಬೇಕೆಂದೇನಿಲ್ಲ. ಮೊದಲು ತನ್ನ ಮೆಮೊರಿಯಲ್ಲಿ ಇರಿಸಿಕೊಂಡು, ಬಿಡುವು ನೋಡಿ ಡ್ರೈವ್‌ಗೆ ಇಳಿಸಬಹುದು. ನೀವು ನೋಡಿದ ಹಸಿರು ಪಟ್ಟಿ ಹೇಳಿದ್ದು "ನಾನು ಒಪ್ಪಿಸಿಕೊಂಡೆ" ಎಂದಷ್ಟೇ, "ತಲುಪಿಸಿದೆ" ಎಂದಲ್ಲ. ತೆಗೆಯಬಹುದಾದ ಡ್ರೈವ್‌ಗಳಿಗೆ ಹೀಗೆ ಮೆಮೊರಿಯಲ್ಲಿ ಇಟ್ಟುಕೊಳ್ಳದೆ ಬೇಗನೆ ಬರೆದುಬಿಡುವ ನೀತಿಯನ್ನು ಮೈಕ್ರೋಸಾಫ್ಟ್ ವಿಂಡೋಸ್ 10ರ 1809ನೇ ಆವೃತ್ತಿಯಿಂದ ತಾನಾಗಿಯೇ ಆಯ್ಕೆಯಾಗಿರುವಂತೆ ಮಾಡಿದೆ. ಹಳೆಯ ವಿಂಡೋಸ್ ಇರುವ ಗಣಕದಲ್ಲಿ ಆ ನೀತಿ ಇದ್ದೇ ಇರುತ್ತದೆ ಎಂದು ನೆಚ್ಚಿಕೊಳ್ಳುವಂತಿಲ್ಲ. ವಿಂಡೋಸ್ ಬದಲು ಬಳಸುವ ಲಿನಕ್ಸ್‌ನಲ್ಲಿಯೂ ಬರೆಯಬೇಕಾದ ಪುಟಗಳು ಸಾಮಾನ್ಯ ಹೊಂದಾಣಿಕೆಯಲ್ಲಿ 30 ಸೆಕೆಂಡಿನವರೆಗೆ ಮೆಮೊರಿಯಲ್ಲೇ ಉಳಿಯಬಹುದು. "ಸುರಕ್ಷಿತವಾಗಿ ತೆಗೆ" ಎಂಬ ಆಯ್ಕೆ ಇರುವುದೇ ಇದಕ್ಕಾಗಿ: ಬಾಕಿ ಇರುವುದನ್ನೆಲ್ಲ ಇಳಿಸಿ, ಇಳಿದಿದೆ ಎಂದು ಡ್ರೈವ್‌ನಿಂದ ಉತ್ತರ ಪಡೆದು, ಆಮೇಲೆ ನಮಗೆ ಹೇಳುವುದು.

ನಿಮ್ಮ ಸೊನ್ನೆ ಗಾತ್ರದ ಐದು ಹೆಸರುಗಳಿಗೆ ಇದೇ ವಿವರಣೆ. ಫೈಲನ್ನು ತೆರೆದಾಗ ಹೆಸರನ್ನು ಸೊನ್ನೆ ಗಾತ್ರದೊಂದಿಗೆ ಪಟ್ಟಿಗೆ ಸೇರಿಸಲಾಗುತ್ತದೆ. ನಿಜವಾದ ಗಾತ್ರ ಮತ್ತು ಮೊದಲ ಕ್ಲಸ್ಟರಿನ ಸಂಖ್ಯೆ ಆಮೇಲೆ ತುಂಬಬೇಕು. ಆ ಎರಡನೆಯ ಬರಹ ಡ್ರೈವ್ ತಲುಪುವ ಮೊದಲೇ ಕಿತ್ತದ್ದಾಯಿತು. ಪಹಣಿಯ ಮಾತಿನಲ್ಲಿ ಹೇಳುವುದಾದರೆ ಜಮೀನು ಇದೆ, ಸರ್ವೆ ನಂಬರ್ ಇದೆ, ಹಕ್ಕುದಾರರ ಕಾಲಂ ಖಾಲಿ. ಇಂಥ ವಾರಸುದಾರರಿಲ್ಲದ ಸರಪಳಿಗಳನ್ನು ವಿಂಡೋಸ್‌ನ ಪರಿಶೀಲನೆ ಕಂಡುಹಿಡಿದು, ಫೌಂಡ್.000 ಎಂಬ ಮರೆಮಾಡಿದ ಫೋಲ್ಡರಿನಲ್ಲಿ ಫೈಲ್0000.ಸಿಎಚ್‌ಕೆ, ಫೈಲ್0001.ಸಿಎಚ್‌ಕೆ ಎಂಬ ಹೆಸರುಗಳಲ್ಲಿ ಇಡುತ್ತದೆ. ಮರೆಮಾಡಿದ ಹಾಗೂ ಸಿಸ್ಟಂ ಫೈಲುಗಳು ಕಾಣುವಂತೆ ಆಯ್ಕೆ ಬದಲಿಸಿ, ಆ ಫೋಲ್ಡರನ್ನು ಲ್ಯಾಪ್‌ಟಾಪಿಗೆ ನಕಲು ಮಾಡಿಕೊಳ್ಳಿ. ಒಂದೊಂದನ್ನೂ ಹೆಕ್ಸ್ ವ್ಯೂವರ್‌ನಲ್ಲಿ, ಅಂದರೆ ಫೈಲಿನ ಬೈಟ್‌ಗಳನ್ನು ಇದ್ದ ಹಾಗೆ ತೋರಿಸುವ ತಂತ್ರಾಂಶದಲ್ಲಿ, ತೆರೆದು ಮೊದಲ ಸಾಲನ್ನು ನೋಡಿ. ಮೊದಲ ನಾಲ್ಕು ಅಕ್ಷರ "ಆರ್ ಐ ಎಫ್ ಎಫ್" ಎಂದಿದ್ದು, ಒಂಬತ್ತರಿಂದ ಹನ್ನೆರಡನೆಯವರೆಗೆ "ಡಬ್ಲ್ಯು ಎ ವಿ ಇ" ಎಂದಿದ್ದರೆ ಅದು ನಿಮ್ಮ ಹಾಡೇ. ಹೆಸರಿನ ಕೊನೆಯ ಸಿಎಚ್‌ಕೆಯನ್ನು "ಡಬ್ಲ್ಯು ಎ ವಿ" ಎಂದು ಬದಲಿಸಿ ಕೇಳಿ. ನಡುವಿನ ನಾಲ್ಕು ಬೈಟ್‌ಗಳಲ್ಲಿ ಹಾಡಿನ ನಿಜವಾದ ಉದ್ದ ಇರುವುದರಿಂದ, ಕೊನೆಯ ಕ್ಲಸ್ಟರಿನಲ್ಲಿ ಅಂಟಿಕೊಂಡು ಬಂದ ಹೆಚ್ಚುವರಿ ಭಾಗವನ್ನು ಪ್ಲೇಯರ್ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಒಂದು ಮಾತನ್ನು ಇಲ್ಲೇ ಹೇಳಬೇಕು. "ಸರಿಪಡಿಸಿ" ಎಂಬ ಗುಂಡಿಯ ಕೆಲಸ ಕಳೆದ ಫೈಲನ್ನು ಹುಡುಕಿಕೊಡುವುದಲ್ಲ, ಕೋಷ್ಟಕವೂ ಪಟ್ಟಿಯೂ ಒಂದಕ್ಕೊಂದು ತಾಳೆಯಾಗುವಂತೆ ಮಾಡುವುದು. ತಾಳೆ ಮಾಡಲು ಅದು ಕೆಲವು ಸಲ ಇದ್ದದ್ದನ್ನೂ ಕತ್ತರಿಸುತ್ತದೆ. ನಿಮ್ಮ ವಿಷಯದಲ್ಲಿ ಅದು ಸರಪಳಿಗಳನ್ನು ಉಳಿಸಿರಬೇಕು, ಆದರೆ ಮುಂದೆ ಇಂಥ ಸಂದರ್ಭ ಬಂದರೆ ಆ ಗುಂಡಿಯನ್ನು ಮೊದಲಿಗೆ ಒತ್ತಬೇಡಿ.

ವಿ.ಸಿ. ನಾಲೆ (ಮಂಡ್ಯ)

ಅಕ್ಕ, ನಾನು ಮದುವೆ ವಿಡಿಯೊ ಮಾಡುವವನು, ಹಾಗಾಗಿ ನಿಮ್ಮ ಸಂಕಟ ಅರ್ಥವಾಗುತ್ತದೆ. ಎರಡು ವರ್ಷದ ಹಿಂದೆ ಧಾರೆಯ ಹೊತ್ತಿಗೆ ಕ್ಯಾಮೆರಾದ ಬ್ಯಾಟರಿ ಸತ್ತು, ಇಪ್ಪತ್ತು ನಿಮಿಷದ ಒಂದು ಎಂಪಿ4 ಫೈಲ್ ತೆರೆಯದಂತಾಯಿತು. ಗಾತ್ರ ಸರಿಯಾಗಿಯೇ ತೋರಿಸುತ್ತಿತ್ತು, ಒಳಗಿನ ಚಿತ್ರವೂ ಇತ್ತು, ಆದರೆ ಯಾವ ಫ್ರೇಮ್ ಎಲ್ಲಿದೆ ಎಂದು ಹೇಳುವ ಸೂಚಿಯನ್ನು ಕ್ಯಾಮೆರಾ ಮುದ್ರಣ ನಿಲ್ಲಿಸಿದಾಗಲೇ ಬರೆಯುವುದರಿಂದ ಅದೊಂದು ಬಂದಿರಲಿಲ್ಲ. ಅದೇ ಕ್ಯಾಮೆರಾದಲ್ಲಿ ತೆಗೆದ ಸರಿಯಾದ ಇನ್ನೊಂದು ಫೈಲನ್ನು ಮಾದರಿಯಾಗಿ ಕೊಟ್ಟು, ಸೂಚಿಯನ್ನು ಹೊಸದಾಗಿ ಕಟ್ಟುವ ತಂತ್ರಾಂಶದಿಂದ ಅದನ್ನು ಉಳಿಸಿಕೊಂಡೆವು. ಹುಡುಗಿಯ ಮನೆಯವರಿಗೆ ಅದನ್ನು ಕೊಡುವವರೆಗೂ ನನಗೆ ನಿದ್ದೆ ಬರಲಿಲ್ಲ.

ಅದಾದ ಮೇಲೆ ನನ್ನ ಹೊರಗಿನ ಹಾರ್ಡ್ ಡಿಸ್ಕ್ ಮತ್ತು ಪೆನ್ ಡ್ರೈವ್‌ಗಳನ್ನೆಲ್ಲ ಎನ್‌ಟಿಎಫ್‌ಎಸ್ ಎಂಬ ಇನ್ನೊಂದು ಫೈಲ್ ಸಿಸ್ಟಂಗೆ ಬದಲಿಸಿದ್ದೇನೆ. ಅದರಲ್ಲಿ ಜರ್ನಲ್ ಇರುವುದರಿಂದ ಕರೆಂಟ್ ಹೋದರೂ ಡೇಟಾ ಹೋಗುವುದಿಲ್ಲ ಎಂದು ತಿಳಿದಿದ್ದೇನೆ. ಫ್ಯಾಟ್32ರಲ್ಲಿ ಒಂದು ಫೈಲ್ 4 ಜಿಬಿ ದಾಟುವಂತಿಲ್ಲ ಎಂಬ ತೊಡಕೂ ತಪ್ಪುತ್ತದೆ. ನಿಮಗೂ ಅದನ್ನೇ ಸೂಚಿಸುತ್ತೇನೆ.

ಕುಕ್ಕರಹಳ್ಳಿ (ಮೈಸೂರು)

ನಾಲೆಯವರೇ, 4 ಜಿಬಿಯ ಮಾತು ಸರಿ. ಜರ್ನಲ್ ಇದ್ದರೆ ಡೇಟಾ ಹೋಗುವುದಿಲ್ಲ ಎಂಬುದನ್ನು ಮಾತ್ರ ನಾನು ಒಪ್ಪಲಾರೆ, ಮತ್ತು ಮೇಡಂ ಕೇಳಿದ ಪ್ರಶ್ನೆಯ ತಿರುಳು ಅಲ್ಲಿಯೇ ಇರುವುದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಜರ್ನಲ್ ಎಂದರೆ ಅಂಗಡಿಯ ಕಿರ್ದಿ ಇದ್ದ ಹಾಗೆ. ಖಾತೆ ಪುಸ್ತಕದಲ್ಲಿ ಬದಲಾವಣೆ ಮಾಡುವ ಮೊದಲು, ಏನು ಮಾಡಲು ಹೊರಟಿದ್ದೇನೆ ಎಂದು ಕಿರ್ದಿಯಲ್ಲಿ ಬರೆದುಕೊಳ್ಳುವುದು. ನಡುವೆ ದೀಪ ಹೋದರೆ, ಬಂದ ಮೇಲೆ ಕಿರ್ದಿಯನ್ನು ನೋಡಿ ಖಾತೆಯನ್ನು ಪೂರ್ತಿ ಮಾಡುವುದು ಅಥವಾ ಆ ಸಾಲನ್ನು ಕೈಬಿಡುವುದು. 1993ರಲ್ಲಿ ವಿಂಡೋಸ್ ಎನ್‌ಟಿಯೊಂದಿಗೆ ಬಂದ ಎನ್‌ಟಿಎಫ್‌ಎಸ್ ಇದನ್ನು ಮಾಡುತ್ತದೆ, 2001ರಲ್ಲಿ ಲಿನಕ್ಸ್‌ನ ತಿರುಳಾದ ಕರ್ನಲ್ಲಿಗೆ ಸೇರಿದ ಫೈಲ್ ಸಿಸ್ಟಂ ಇಎಕ್ಸ್‌ಟಿ3 ಮತ್ತು 2008ರಲ್ಲಿ ಪಕ್ವವೆಂದು ಘೋಷಿತವಾದ ಇಎಕ್ಸ್‌ಟಿ4 ಕೂಡ ಮಾಡುತ್ತವೆ. ಆದರೆ ಎನ್‌ಟಿಎಫ್‌ಎಸ್‌ನ ಕಿರ್ದಿಯಲ್ಲಿ ಬರುವುದು ಖಾತೆಯ ವಿವರ, ಗೋದಾಮಿನ ಮೂಟೆಯಲ್ಲ. ಹೆಸರು, ಗಾತ್ರ, ಯಾವ ಕ್ಲಸ್ಟರ್ ಯಾರದು ಎಂಬುದು ಕೆಡದಂತೆ ಅದು ನೋಡಿಕೊಳ್ಳುತ್ತದೆ. ಫೈಲಿನ ಒಳಗಿನ ಹಾಡು ಆ ಹೊತ್ತಿಗೆ ಮೆಮೊರಿಯಲ್ಲೇ ಉಳಿದಿದ್ದರೆ ಅದನ್ನು ತಂದುಕೊಡಲು ಅದರಿಂದ ಆಗುವುದಿಲ್ಲ. ಇಎಕ್ಸ್‌ಟಿ4ರಲ್ಲಿ ಫೈಲಿನ ಒಳಗಿನದನ್ನೂ ಜರ್ನಲ್ಲಿಗೆ ಹಾಕುವ ಆಯ್ಕೆ ಇದೆ, ಆದರೆ ಎಲ್ಲವನ್ನೂ ಎರಡೆರಡು ಸಲ ಬರೆಯಬೇಕಾಗುವುದರಿಂದ ಅದು ಸಾಮಾನ್ಯ ಹೊಂದಾಣಿಕೆಯಲ್ಲ.

ಇದು ಬರಿಯ ತರ್ಕದ ಮಾತಲ್ಲ. 2009ರಲ್ಲಿ ಇಎಕ್ಸ್‌ಟಿ4 ಬಳಸತೊಡಗಿದ ಹಲವರಿಗೆ, ಗಣಕ ಹಠಾತ್ತನೆ ನಿಂತು ಮತ್ತೆ ಶುರುವಾದಾಗ ಹೊಸದಾಗಿ ಬರೆದ ಫೈಲುಗಳು ಸೊನ್ನೆ ಗಾತ್ರದಲ್ಲಿ ಕಾಣಿಸಿಕೊಂಡವು, ಜರ್ನಲ್ ಸರಿಯಾಗಿ ಕೆಲಸ ಮಾಡುತ್ತಿದ್ದಾಗಲೇ. ಫೈಲಿಗೆ ಜಾಗ ಹಂಚುವುದನ್ನು ಇಎಕ್ಸ್‌ಟಿ4 ವೇಗಕ್ಕಾಗಿ ಮುಂದೂಡುತ್ತಿದ್ದುದು ಇದಕ್ಕೆ ಕಾರಣ. ಅದನ್ನು ನೋಡಿಕೊಳ್ಳುತ್ತಿದ್ದ ಥಿಯೊಡೋರ್ ತ್ಸೋ, ಡೇಟಾ ತಲುಪಿದ್ದನ್ನು ಖಚಿತಪಡಿಸಿಕೊಳ್ಳುವುದು ಬರೆಯುವ ತಂತ್ರಾಂಶದ ಹೊಣೆ ಎಂದು ವಾದಿಸಿದರು. ಹಾಗಿದ್ದೂ ಸಾಮಾನ್ಯವಾಗಿ ಕಾಣುವ ಕೆಲವು ಸಂದರ್ಭಗಳಲ್ಲಿ ಡೇಟಾ ಮೊದಲೇ ಇಳಿಯುವಂತೆ ತಿದ್ದುಪಡಿಯನ್ನೂ ಸೇರಿಸಿದರು. ಮೇಡಂ ಕಂಡ ಸೊನ್ನೆಗೂ ಆ ಸೊನ್ನೆಗೂ ಒಳಗಿನ ದಾರಿ ಬೇರೆ. ಆದರೆ ಎರಡರಲ್ಲೂ ಖಾತೆ ಒಂದು ಹೊತ್ತಿಗೆ, ಮೂಟೆ ಇನ್ನೊಂದು ಹೊತ್ತಿಗೆ ಬಂದದ್ದೇ ತೊಂದರೆಯಾಯಿತು.

ಹೊಸ ಪೆನ್ ಡ್ರೈವ್‌ಗಳಲ್ಲಿಯೂ 32 ಜಿಬಿ ಮೀರಿದ ಎಸ್‌ಡಿಎಕ್ಸ್‌ಸಿ ಕಾರ್ಡುಗಳಲ್ಲಿಯೂ ಕಾಣುವ ಎಕ್ಸ್‌ಫ್ಯಾಟ್ ಎಂಬ ಫೈಲ್ ಸಿಸ್ಟಂ 2006ರದು. ಅದಕ್ಕೆ ಜರ್ನಲ್ ಇಲ್ಲ, ಕೋಷ್ಟಕದ ಪ್ರತಿಯೂ ಸಾಮಾನ್ಯವಾಗಿ ಒಂದೇ. ಅದನ್ನು ಎಲ್ಲರೂ ಬಯ್ಯುವುದು ಈ ಕಾರಣಕ್ಕೆ. ಆದರೂ ಅದರಲ್ಲೊಂದು ಒಳ್ಳೆಯ ಗುಣವಿದೆ: ಫೈಲೊಂದು ಸಾಲಾಗಿ ಒಂದೇ ಕಡೆ ಕೂತಿದ್ದರೆ ಅದನ್ನು ಫೋಲ್ಡರ್ ಪಟ್ಟಿಯಲ್ಲೇ ಗುರುತು ಮಾಡಿ, ಸರಪಳಿಯ ಕೋಷ್ಟಕವನ್ನು ಮುಟ್ಟುವುದೇ ಇಲ್ಲ. ಹಾಗಾಗಿ ತಪ್ಪಿ ಅಳಿಸಿದ ಫೈಲನ್ನು ಆ ಪಟ್ಟಿಯ ಗುರುತಿನಿಂದಲೇ ಪೂರ್ತಿಯಾಗಿ ಹಿಂಪಡೆಯಲು ಅಲ್ಲಿ ಹೆಚ್ಚು ಅನುಕೂಲ. ಫ್ಯಾಟ್32ರಲ್ಲಿ ಅಳಿಸಿದರೆ ಹೆಸರಿನ ಮೊದಲ ಬೈಟ್ ಬದಲಾಗುತ್ತದೆ, ಸರಪಳಿಯನ್ನು ಸೊನ್ನೆ ಮಾಡಲಾಗುತ್ತದೆ. ಫೈಲ್ ಚದುರಿದ್ದರೆ ಮುಂದಿನ ತುಂಡು ಯಾವುದೆಂದು ಹೇಳುವವರು ಯಾರೂ ಉಳಿಯುವುದಿಲ್ಲ.

ನನ್ನನ್ನು ಹೆಚ್ಚು ಕಾಡುವ ಕೊರತೆ ಇನ್ನೊಂದಿದೆ. ಫ್ಯಾಟ್32, ಎಕ್ಸ್‌ಫ್ಯಾಟ್, ಎನ್‌ಟಿಎಫ್‌ಎಸ್, ಇಎಕ್ಸ್‌ಟಿ4 ಈ ನಾಲ್ಕರಲ್ಲಿ ಯಾವುದೂ ಫೈಲಿನ ಒಳಗಿನ ಡೇಟಾಕ್ಕೆ ಚೆಕ್‌ಸಮ್, ಅಂದರೆ ಡೇಟಾದಿಂದಲೇ ಲೆಕ್ಕ ಹಾಕಿದ, ಡೇಟಾ ಬದಲಾದರೆ ತಾಳೆಯಾಗದ ಗುರುತು ಸಂಖ್ಯೆ, ಇಟ್ಟುಕೊಳ್ಳುವುದಿಲ್ಲ. ಹಾಡಿನ ನಡುವಿನ ಹತ್ತು ಸೆಕೆಂಡು ಕೆಟ್ಟಿದ್ದರೂ ಹೆಸರು, ಗಾತ್ರ, ದಿನಾಂಕ ಸರಿಯಾಗಿಯೇ ಕಾಣುತ್ತವೆ. ಓದುವಾಗಲೆಲ್ಲ ಚೆಕ್‌ಸಮ್ ತಾಳೆ ನೋಡುವ ಝಡ್‌ಎಫ್‌ಎಸ್, ಬಿಟಿಆರ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಂಗಳು ಇವೆ, ಆದರೆ ಅವುಗಳಲ್ಲಿ ಮಾಡಿದ ಪೆನ್ ಡ್ರೈವನ್ನು ಜೆರಾಕ್ಸ್ ಅಂಗಡಿಯ ವಿಂಡೋಸ್ ತಾನಾಗಿ ಓದುವುದಿಲ್ಲ. ಆದ್ದರಿಂದ ಹಾಡುಗಳ ಜೊತೆಗೆ ಅವುಗಳ ಶಾ-256 ಎಂಬ ಬಗೆಯ ಚೆಕ್‌ಸಮ್ ಪಟ್ಟಿಯೊಂದನ್ನು ಪಠ್ಯ ಫೈಲಿನಲ್ಲಿ ನಾವೇ ಇಟ್ಟುಕೊಳ್ಳುವುದು ಕಾರ್ಯಸಾಧ್ಯವಾದ ದಾರಿ.

ರಾಗಿಕಲ್ಲು (ಮಳವಳ್ಳಿ ತಾಲ್ಲೂಕು)

ಕುಕ್ಕರಹಳ್ಳಿ ಸರ್, ನಿಮಗೆ ಹೇಗೆ ಕೃತಜ್ಞತೆ ಹೇಳಲಿ ಎಂದು ತಿಳಿಯುತ್ತಿಲ್ಲ. ಫೌಂಡ್.000 ಫೋಲ್ಡರ್ ಸಿಕ್ಕಿತು. ಅದರಲ್ಲಿ ಏಳು ಫೈಲುಗಳಿದ್ದವು. ಆರರ ಮೊದಲ ಸಾಲಿನಲ್ಲಿ ನೀವು ಹೇಳಿದ ಅಕ್ಷರಗಳೇ ಇದ್ದವು. ಹೆಸರು ಬದಲಿಸಿ ಮೊದಲನೆಯದನ್ನು ತೆರೆದಾಗ ಅತ್ತೆಯವರು ಕೆಮ್ಮಿ ಗಂಟಲು ಸರಿಮಾಡಿಕೊಳ್ಳುವುದು ಕೇಳಿಸಿತು, ಹಿಂದೆಯೇ ಹಾಡು. ಕೇಳಿ ಗುರುತಿಸಿದ್ದರಲ್ಲಿ 33ರಿಂದ 37ರವರೆಗೆ ಐದೂ ಪೂರ್ತಿ ಇವೆ. ಆರನೆಯದು 38, ಅದು ಎರಡು ನಿಮಿಷ ಚೆನ್ನಾಗಿ ಹೋಗಿ ಆಮೇಲೆ ಗರಗರ ಸದ್ದಾಗುತ್ತದೆ.

ಏಳನೆಯದು ನನಗೆ ಆಶ್ಚರ್ಯ ತಂದಿತು. ಅದರ ಆರಂಭದಲ್ಲಿ "ಪಿಡಿಎಫ್" ಎಂದಿತ್ತು. ಹೆಸರು ಬದಲಿಸಿ ತೆರೆದರೆ ಕಳೆದ ವರ್ಷ ನಾನೇ ತಯಾರಿಸಿ, ಆಮೇಲೆ ಅಳಿಸಿದ್ದ ಅರ್ಧವಾರ್ಷಿಕ ಪರೀಕ್ಷೆಯ ಪ್ರಶ್ನೆಪತ್ರಿಕೆ! ಫೈಲಿನ ಗಾತ್ರ ಮಾತ್ರ ಒಂದು ಹಾಡಿನಷ್ಟಿದೆ. ಇದು ಹೇಗೆ? ಉಳಿದ 39, 40, 41ನ್ನೂ 38ರ ಕೊನೆಯನ್ನೂ ಕಾರ್ಡಿನಿಂದ ಪಡೆಯಲು ಸಾಧ್ಯವೇ? ಕಾರ್ಡ್ ಈಗ ನನ್ನ ಬಳಿ ಇದೆ, ಲಾಕ್ ಸರಿಸಿದ್ದೇನೆ.

ಸಯ್ಯಾಜಿರಾವ್ ರಸ್ತೆ (ಮೈಸೂರು)

ಮೇಡಂ, ನಾನು ಡ್ರೈವ್ ಮತ್ತು ಕಾರ್ಡುಗಳ ರಿಪೇರಿ ಮಾಡುತ್ತೇನೆ. ಪ್ರಶ್ನೆಪತ್ರಿಕೆಯ ವಿಷಯ ಹೀಗೆ: ಈ ಕ್ಲಸ್ಟರುಗಳು ಇಂಥ ಹಾಡಿನವು ಎಂದು ಸರಪಳಿ ಕೋಷ್ಟಕದಲ್ಲಿ ದಾಖಲಾಯಿತು, ಆದರೆ ಹಾಡು ಅಲ್ಲಿಗೆ ಬರಲೇ ಇಲ್ಲ. ಆ ಜಾಗದಲ್ಲಿ ಮೊದಲು ಏನಿತ್ತೋ ಅದೇ ಕಾಣುತ್ತಿದೆ. 38ರ ಗರಗರ ಸದ್ದಿನದೂ ಇದೇ ಕಥೆ, ಎರಡು ನಿಮಿಷದಿಂದಾಚೆಗೆ ಕೇಳಿಸುತ್ತಿರುವುದು ಇನ್ಯಾವುದೋ ಹಳೆಯ ಫೈಲಿನ ಬೈಟ್‌ಗಳು. ನಿಮ್ಮ ಡ್ರೈವ್ ಕೆಟ್ಟಿಲ್ಲ ಎಂಬುದಕ್ಕೆ ಇದೊಂದು ಸಮಾಧಾನದ ಲಕ್ಷಣ.

ಬರೆಯುತ್ತಿರುವಾಗ ಕಿತ್ತರೆ ಇದಕ್ಕಿಂತ ಕೆಟ್ಟದ್ದೂ ಆಗುತ್ತದೆ, ಅದು ಫೈಲ್ ಸಿಸ್ಟಂನ ಅರಿವಿಗೇ ಬಾರದ ಕೆಳಮಟ್ಟದಲ್ಲಿ. ಪೆನ್ ಡ್ರೈವ್‌ನ ಫ್ಲ್ಯಾಶ್ ಚಿಪ್‌ನಲ್ಲಿ ಬರೆದದ್ದರ ಮೇಲೆಯೇ ಮತ್ತೆ ಬರೆಯುವಂತಿಲ್ಲ. ಸಣ್ಣ ಪುಟಗಳಲ್ಲಿ ಬರೆಯಬಹುದು, ಆದರೆ ಅಳಿಸುವುದು ಅಂಥ ನೂರಾರು ಪುಟಗಳಿರುವ ದೊಡ್ಡ ಬ್ಲಾಕನ್ನು ಇಡಿಯಾಗಿ. ಹಾಗಾಗಿ ಒಳಗಿನ ಕಂಟ್ರೋಲರ್ ಸದಾ ಹೊಸ ಜಾಗಕ್ಕೆ ಬರೆಯುತ್ತ, ಗಣಕ ಕೇಳುವ ಸಂಖ್ಯೆ ಚಿಪ್‌ನ ಯಾವ ಮೂಲೆಯಲ್ಲಿದೆ ಎಂಬ ತನ್ನದೇ ನಕ್ಷೆಯನ್ನು ತಿದ್ದುತ್ತಿರುತ್ತದೆ. ಬ್ಲಾಕ್ ಖಾಲಿ ಮಾಡಲು ಹಳೆಯ ಫೈಲುಗಳ ಪುಟಗಳನ್ನೂ ಆಗಾಗ ಬೇರೆಡೆಗೆ ಸಾಗಿಸುತ್ತದೆ. ಆ ಕ್ಷಣದಲ್ಲಿ ವಿದ್ಯುತ್ ತಪ್ಪಿದರೆ, ನೀವು ಆ ದಿನ ಮುಟ್ಟಿಯೇ ಇರದ ಹಳೆಯ ಫೋಟೊಗಳು ಹಾಳಾಗಬಹುದು. ನಕ್ಷೆಯೇ ಕೆಟ್ಟರೆ ಡ್ರೈವ್ ತನ್ನ ಗಾತ್ರವನ್ನೂ ಸರಿಯಾಗಿ ಹೇಳುವುದಿಲ್ಲ. ಎನ್‌ಟಿಎಫ್‌ಎಸ್ ಜರ್ನಲ್ ಕೂಡ ಅದೇ ಚಿಪ್‌ನ ಮೇಲೆ ಕೂತಿರುವುದು. ನನ್ನ ಮೇಜಿಗೆ ಬರುವ ಡ್ರೈವ್‌ಗಳಲ್ಲಿ ಅತಿ ಕಷ್ಟದವು ಇಂಥವೇ.

ಈಗ ಕಾರ್ಡಿನ ಕೆಲಸ. ಬಹುಪಾಲು ರೆಕಾರ್ಡರುಗಳು ಫಾರ್ಮ್ಯಾಟ್ ಮಾಡುವಾಗ ಕೋಷ್ಟಕ ಮತ್ತು ಮೊದಲ ಪಟ್ಟಿಯನ್ನು ಮಾತ್ರ ಹೊಸದಾಗಿ ಬರೆಯುತ್ತವೆ, ಹಾಡುಗಳನ್ನು ಮುಟ್ಟುವುದಿಲ್ಲ. ಕೆಲವು ಕ್ಯಾಮೆರಾಗಳಲ್ಲಿರುವ ಕೆಳಮಟ್ಟದ ಫಾರ್ಮ್ಯಾಟ್ ಆಯ್ಕೆಯನ್ನೋ ವಿಂಡೋಸ್ ವಿಸ್ತಾದಿಂದ ಈಚಿನ ಪೂರ್ಣ ಫಾರ್ಮ್ಯಾಟನ್ನೋ ಮಾಡಿದ್ದರೆ ಮಾತು ಬೇರೆ ಇತ್ತು. ಆಮೇಲೆ ಮುದ್ರಿಸಿದ ಒಂದು ಗಂಟೆ ಇಪ್ಪತ್ತು ನಿಮಿಷದ ಸಮಾರಂಭ ನಿಮಿಷಕ್ಕೆ ಸುಮಾರು 10.6 ಎಂಬಿಯಂತೆ 850 ಎಂಬಿ ಆಗುತ್ತದೆ. ಅದು ಕಾರ್ಡಿನ ಮುಂಭಾಗದಿಂದ ಬರೆದುಕೊಂಡು ಹೋಗಿದ್ದರೆ ನಿಮ್ಮ ಮೊದಲ ಇಪ್ಪತ್ತು ಹಾಡುಗಳ ಜಾಗವನ್ನು ತಿಂದಿದೆ. ಅವು ಹೇಗೂ ಪೆನ್ ಡ್ರೈವ್‌ನಲ್ಲಿ ಚೆನ್ನಾಗಿವೆ. ನಿಮಗೆ ಬೇಕಾದ ಕೊನೆಯವು ಹಿಂದೆ ಕೂತಿರಬೇಕು.

ಮೊದಲು ಕಾರ್ಡಿನ ಪೂರ್ತಿ ಪ್ರತಿಬಿಂಬವನ್ನು, ಅಂದರೆ ಮೊದಲ ಸೆಕ್ಟರಿನಿಂದ ಕೊನೆಯವರೆಗೆ ಇದ್ದದ್ದು ಇದ್ದ ಹಾಗೆ, ಒಂದು 16 ಜಿಬಿ ಫೈಲಾಗಿ ಹಾರ್ಡ್ ಡಿಸ್ಕಿಗೆ ತೆಗೆಯಿರಿ. ಲಿನಕ್ಸ್‌ನಲ್ಲಿ ಜಿಎನ್‌ಯು ಡಿಡಿರೆಸ್ಕ್ಯೂ ಇದಕ್ಕೆ ಉತ್ತಮ, ಏಕೆಂದರೆ ಓದಲಾಗದ ಜಾಗವನ್ನು ಮೊದಲ ಸುತ್ತಿನಲ್ಲಿ ಬಿಟ್ಟು, ಎಲ್ಲಿ ಬಿಟ್ಟೆ ಎಂದು ಗುರುತಿಟ್ಟುಕೊಂಡು ಆಮೇಲೆ ಮತ್ತೆ ಪ್ರಯತ್ನಿಸುತ್ತದೆ. ನಂತರದ ಕೆಲಸವನ್ನೆಲ್ಲ ಆ ಪ್ರತಿಬಿಂಬದ ಮೇಲೆ ಮಾಡಿ, ಕಾರ್ಡನ್ನು ಎತ್ತಿಡಿ. ಪ್ರತಿಬಿಂಬವನ್ನು ಫೋಟೋರೆಕ್ ಎಂಬ ಉಚಿತ ತಂತ್ರಾಂಶಕ್ಕೆ ಕೊಟ್ಟು ವೇವ್ ಫೈಲುಗಳನ್ನು ಮಾತ್ರ ಹುಡುಕಲು ಹೇಳಿ. ಅದು ಫೈಲ್ ಸಿಸ್ಟಂನ ಹೆಸರುಗಳನ್ನು ನೆಚ್ಚದೆ, ನೀವು ಹೆಕ್ಸ್ ವ್ಯೂವರ್‌ನಲ್ಲಿ ಕಣ್ಣಾರೆ ಕಂಡ ಅದೇ ಆರಂಭದ ಅಕ್ಷರಗಳನ್ನು ಹುಡುಕುತ್ತ ಹೋಗುತ್ತದೆ. ಹಳೆಯ ಹೆಸರು ಬರುವುದಿಲ್ಲ, ದನಿ ಬರುತ್ತದೆ.

ಇನ್ನೊಂದನ್ನು ಕೇಳಬೇಕು: ಮುದ್ರಿಸುವ ದಿನಗಳಲ್ಲಿ ಸರಿ ಬರಲಿಲ್ಲವೆಂದು ಯಾವುದಾದರೂ ಹಾಡನ್ನು ಅಳಿಸಿದ್ದಿರಾ?

ರಾಗಿಕಲ್ಲು (ಮಳವಳ್ಳಿ ತಾಲ್ಲೂಕು)

ಸರ್, ನಮ್ಮ ಶಾಲೆಯ ಗಣಿತ ಮೇಷ್ಟ್ರು ಲಿನಕ್ಸ್ ಬಲ್ಲವರು, ಅವರ ಜೊತೆ ಕುಳಿತು ನೀವು ಹೇಳಿದಂತೆಯೇ ಮಾಡಿದೆವು. 38, 39, 41 ಪೂರ್ತಿಯಾಗಿ ಸಿಕ್ಕಿವೆ. 40 ಸಿಗಲಿಲ್ಲ. ನೀವು ಕೇಳಿದ್ದು ನಿಜ: ಏಳನೆಯ ಹಾಡಿನ ನಂತರ ಒಂದು ಮುದ್ರಣವನ್ನು, ಹೊರಗೆ ಟ್ರ್ಯಾಕ್ಟರ್ ಬಂತೆಂದು ಒಂದು ನಿಮಿಷಕ್ಕೇ ನಿಲ್ಲಿಸಿ, ಕೊನೆಯ ದಿನ ಅಳಿಸಿದ್ದೆ. 40 ಮುದ್ರಿಸಿದ್ದು ಅದನ್ನು ಅಳಿಸಿದ ಕೂಡಲೇ. ಇದಕ್ಕೂ ಅದಕ್ಕೂ ಸಂಬಂಧವಿದೆಯೇ?

ಸಯ್ಯಾಜಿರಾವ್ ರಸ್ತೆ (ಮೈಸೂರು)

ಇದೆ ಎಂದೇ ನನ್ನ ಊಹೆ. ರೆಕಾರ್ಡರ್ ಖಾಲಿ ಜಾಗವನ್ನು ಮುಂದಿನಿಂದ ಹುಡುಕಿ, ಏಳನೆಯ ಹಾಡಿನ ಪಕ್ಕದಲ್ಲಿ ಬಿಡುವಾದ ಆ ಒಂದು ನಿಮಿಷದ ಜಾಗದಲ್ಲಿ 40ನ್ನು ಶುರುಮಾಡಿದೆ, ಅದು ತುಂಬಿದ ಮೇಲೆ ಉಳಿದದ್ದನ್ನು 39ರ ಹಿಂದೆ ಬರೆದಿದೆ. ಸಮಾರಂಭದ ಮುದ್ರಣ ಬಂದು ಮೊದಲ ತುಂಡನ್ನು ಅಳಿಸಿತು, ಅದರೊಂದಿಗೆ ಆರಂಭದ ಅಕ್ಷರಗಳೂ ಹೋದವು. ತಲೆಯಿಲ್ಲದ ಹಾಡು ಫೋಟೋರೆಕ್‌ಗೆ ಹಾಡಾಗಿ ಕಾಣುವುದಿಲ್ಲ. ಆದರೆ ವೇವ್ ಎಂಬುದು ಸಂಕುಚಿಸದ ದನಿ. ತಲೆ ಇಲ್ಲದಿದ್ದರೂ ಓದಬಹುದು. ಪ್ರತಿಬಿಂಬದಲ್ಲಿ 39 ಎಲ್ಲಿ ಮುಗಿಯುತ್ತದೆ, 41 ಎಲ್ಲಿ ಶುರುವಾಗುತ್ತದೆ ಎಂದು ನೋಡಿ, ನಡುವಿನ ಭಾಗವನ್ನು ಬೇರೆ ಫೈಲಾಗಿ ಕತ್ತರಿಸಿಕೊಳ್ಳಿ. ಆಡಾಸಿಟಿ ಎಂಬ ದನಿ ತಿದ್ದುವ ತಂತ್ರಾಂಶದಲ್ಲಿ ಕಚ್ಚಾ ಡೇಟಾ ಆಮದು ಎಂಬ ಆಯ್ಕೆಗೆ ಹೋಗಿ 16 ಬಿಟ್, ಎರಡು ಚಾನೆಲ್, 44,100 ಹರ್ಟ್ಸ್ ಎಂದು ಕೊಡಿ. ಬರಿಯ ಸದ್ದಾಗಿ ಕೇಳಿಸಿದರೆ ಆರಂಭವನ್ನು ಒಂದೊಂದು ಬೈಟ್ ಮುಂದಕ್ಕೆ ಸರಿಸಿ ನೋಡಿ.

ವಿ.ಸಿ. ನಾಲೆ (ಮಂಡ್ಯ)

ಕುಕ್ಕರಹಳ್ಳಿ ಸರ್, ಜರ್ನಲ್ ಕುರಿತು ನನ್ನ ತಿಳಿವಳಿಕೆ ತಿದ್ದಿದ್ದಕ್ಕೆ ವಂದನೆಗಳು. ನಕಲು ಮಾಡಿದ ಕೂಡಲೇ ಚೆಕ್‌ಸಮ್ ತಾಳೆ ನೋಡಿದರೆ ಸಾಕಾಗುತ್ತದೆಯೇ?

ಕುಕ್ಕರಹಳ್ಳಿ (ಮೈಸೂರು)

ಕೂಡಲೇ ನೋಡಿದರೆ ಸಾಲದು. ಆಗ ಗಣಕವು ಪೆನ್ ಡ್ರೈವ್‌ನಿಂದ ಓದದೆ, ತನ್ನ ಮೆಮೊರಿಯಲ್ಲಿ ಇನ್ನೂ ಉಳಿದಿರುವ ಪ್ರತಿಯನ್ನೇ ಓದಿ ಸರಿಯಿದೆ ಎನ್ನಬಹುದು. ಸುರಕ್ಷಿತವಾಗಿ ತೆಗೆದು, ಡ್ರೈವನ್ನು ಕಿತ್ತು ಮತ್ತೆ ಹಾಕಿ, ಸಾಧ್ಯವಾದರೆ ಬೇರೆ ಗಣಕಕ್ಕೇ ಹಾಕಿ ತಾಳೆ ನೋಡಿ. ಅದು ಮುಗಿಯುವವರೆಗೆ ಮೂಲ ಕಾರ್ಡನ್ನು ಅಳಿಸಬೇಡಿ. ಪೆನ್ ಡ್ರೈವ್ ಅನ್ನು ವರ್ಷಗಟ್ಟಲೆ ಬೀರುವಿನಲ್ಲಿಟ್ಟು ಅದೊಂದನ್ನೇ ನೆಚ್ಚುವುದೂ ಬೇಡ, ವಿದ್ಯುತ್ ಇಲ್ಲದೆ ಇಟ್ಟ ಫ್ಲ್ಯಾಶ್ ಕೋಶಗಳಲ್ಲಿ ಚಾರ್ಜ್ ಕ್ರಮೇಣ ಸೋರುತ್ತದೆ. ಫ್ಲ್ಯಾಶ್ ಚಿಪ್‌ಗಳಿಂದಾದ ಹೊರಗಿನ ಎಸ್‌ಎಸ್‌ಡಿ ಡಿಸ್ಕ್ ಬಳಸುವವರಿಗೆ ಇನ್ನೊಂದು ಎಚ್ಚರಿಕೆ: ಅಳಿಸಿದ ಜಾಗವನ್ನು ಬಿಡುವಾಗಿದೆಯೆಂದು ಡ್ರೈವ್‌ಗೆ ತಿಳಿಸುವ ಟ್ರಿಮ್ ಆಜ್ಞೆ ಅಲ್ಲಿ ಕೆಲಸ ಮಾಡುತ್ತಿದ್ದರೆ, ಮೇಡಂ ಅವರಿಗೆ ಈ ಕಾರ್ಡಿನಿಂದ ಸಿಕ್ಕಂತೆ ಅಳಿಸಿದ್ದು ಮತ್ತೆ ಸಿಗುವುದು ಬಹುಮಟ್ಟಿಗೆ ಅಸಾಧ್ಯ.

ರಾಗಿಕಲ್ಲು (ಮಳವಳ್ಳಿ ತಾಲ್ಲೂಕು)

ಸಿಕ್ಕಿತು. ಎರಡು ಸಲ ಬರಿಯ ಸದ್ದು ಬಂತು, ಮೂರನೆಯ ಸಲ ಒಂದು ಬೈಟ್ ಸರಿಸಿದಾಗ ಸಾಲಿನ ನಡುವಿನಿಂದ ಹಾಡು ಕೇಳಿಸಿತು. ಸುಮಾರು ಮೂರು ನಿಮಿಷದಷ್ಟಿದೆ. ಹಾಡಿದವರು ಉಸಿರು ಸಾಲದ ಆ ಅಜ್ಜಿಯೇ. ಮೊದಲ ಒಂದು ನಿಮಿಷದಲ್ಲಿದ್ದದ್ದು ದೇವರನ್ನು ನೆನೆಯುವ ಎರಡು ನುಡಿಗಳು; ಅವನ್ನು ಅವರು ಹಾಡಲಾರರು, ಹೇಳಬಲ್ಲರು. ಭಾನುವಾರ ಅವರ ಮನೆಗೆ ಹೋಗಿ, ಅವರು ಹೇಳಿದ್ದನ್ನು ನೋಟ್ ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ, ಹೇಳುವ ದನಿಯನ್ನೂ ಮುದ್ರಿಸಿಕೊಳ್ಳುತ್ತೇನೆ. 41 ಹಾಡುಗಳನ್ನೂ ಎರಡು ಹಾರ್ಡ್ ಡಿಸ್ಕುಗಳಿಗೆ ಹಾಕಿ, ಕಿತ್ತು ಮತ್ತೆ ಹಾಕಿ, ಚೆಕ್‌ಸಮ್ ತಾಳೆ ನೋಡಿದ್ದೇನೆ. ಒಂದು ಡಿಸ್ಕ್ ಇಲ್ಲಿ, ಇನ್ನೊಂದು ಮೈಸೂರಿನ ನಾದಿನಿಯ ಮನೆಯಲ್ಲಿದೆ. ಕಾರ್ಡನ್ನು ಶಾಲೆಗೆ ಹಿಂತಿರುಗಿಸುವ ಬದಲು ಹೊಸದೊಂದನ್ನು ಕೊಡಿಸಿ, ಇದನ್ನು ಲಾಕ್ ಸರಿಸಿದ ಹಾಗೆಯೇ ನನ್ನ ಬಳಿ ಇಟ್ಟುಕೊಂಡಿದ್ದೇನೆ.